ಪಂಡಿತರು ಮೇಜು ತಟ್ಟಿದ ಪ್ರಸಂಗ

ನನ್ನ ಮಗಳು ಜರ್ಮನ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದು ನಾನು ಹೇಳಿದಾಗ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಕೈಯಲ್ಲಿರುವ ಉಳಿ ನೋಡುತ್ತಾರೆ, ಕೊನೆಗೆ ‘ಯಾರ ಮಗಳು?’ ಎಂದು ಇನ್ನೊಂದು ಸಲ ಕೇಳುತ್ತಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೊಂದು ಸಲ ಹೇಳುವ ಅವಕಾಶವನ್ನು ಯಾರು ಬಿಡುತ್ತಾರೆ? ಬಾಗಿಲು ಮಾಡಿಸಲು ಬಂದವರಿಗೆ ಹೇಳಿದ್ದೇನೆ, ಕಿಟಕಿ ರಿಪೇರಿಗೆ ಬಂದವರಿಗೆ ಹೇಳಿದ್ದೇನೆ. ದಾರಿ ಕೇಳಲು ಬಂದ ಒಬ್ಬರಿಗೆ ಅರ್ಧ ಗಂಟೆ ಇದನ್ನೇ ಹೇಳಿ, ದಾರಿ ಹೇಳುವುದನ್ನು ಮರೆತಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ. ಆ ಗಾದೆ ನನಗೆ ಅನ್ವಯಿಸುವುದಿಲ್ಲ, ಯಾಕೆಂದರೆ ನನ್ನ ಮಗಳು ನಿಜವಾಗಿಯೂ ಬುದ್ಧಿವಂತೆ.

ಅವಳು ಓದುತ್ತಿರುವುದು ಏನನ್ನು ಎಂಬುದನ್ನೂ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಹಿಂದಿನ ಕಾಲದಲ್ಲಿ ಬಡಗಿಗಳು ಕೆಲಸ ಕಲಿತಾದ ಮೇಲೆ ಮೂರು ವರ್ಷ ಒಂದು ದಿನ ಊರೂರು ಅಲೆದು ದುಡಿಯಬೇಕಿತ್ತಂತೆ. ಅಷ್ಟೂ ದಿನ ಸ್ವಂತ ಊರಿನ ಹತ್ತಿರ ಸುಳಿಯುವಂತಿಲ್ಲ. ಹಾಗೆ ಅಲೆದವರಲ್ಲಿ ಕೆಲವರು ದಿನಚರಿ ಬರೆದಿಟ್ಟಿದ್ದಾರೆ. ಅದನ್ನು ಇವಳು ಓದಿ ಅರ್ಥ ಹೇಳುತ್ತಾಳೆ. ಇದನ್ನು ಮೊದಲ ಸಲ ಕೇಳಿದಾಗ ನನ್ನ ಹೆಂಡತಿ, “ಮೂರು ವರ್ಷ ಮನೆಗೇ ಬರಬಾರದಾ? ಬಟ್ಟೆ ಒಗೆಯೋರು ಯಾರು?” ಎಂದು ಕೇಳಿದಳು. ಅದಕ್ಕೆ ಇನ್ನೂ ಯಾವ ಪಂಡಿತರೂ ಉತ್ತರ ಕಂಡುಹಿಡಿದಿಲ್ಲವಂತೆ.

ಈ ಸಂಶೋಧನೆಗೆ ಮೂರನೇ ವರ್ಷದಲ್ಲಿ ಒಂದು ಗಂಡಾಂತರ ಇರುತ್ತದೆ. ಅದುವರೆಗೆ ಮಾಡಿದ್ದನ್ನೆಲ್ಲ ವಿಭಾಗದಲ್ಲಿ ಒಂದು ಗಂಟೆ ಭಾಷಣ ಮಾಡಿ ಒಪ್ಪಿಸಬೇಕು. ಕೇಳಲು ಮೂವರು ಕೂತಿರುತ್ತಾರೆ: ವಿಭಾಗದ ಮುಖ್ಯಸ್ಥರು, ಇವಳಿಗೆ ಮಾರ್ಗದರ್ಶನ ಮಾಡುವ ಮೇಡಂ, ಇನ್ನೊಬ್ಬರು ಹೊರಗಿನಿಂದ ಬರುವ ಪರೀಕ್ಷಕರು. ಮೂವರೂ ಸೈ ಎಂದರೆ ಮುಂದುವರಿಯಬಹುದು. ಇಲ್ಲವೆಂದರೆ ಮೂರು ವರ್ಷದ ಓದನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ಬರಬೇಕು. ಆ ಹೊರಗಿನ ಪರೀಕ್ಷಕರು ಇವಳ ಬರಹವನ್ನು ಮೊದಲೇ ತರಿಸಿಕೊಂಡು ಓದಿ, ಒಂದು ಪುಟದ ಮೇಲೆ ಅಂಗೈಯಗಲದ ಕೆಂಪು ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕಳಿಸಿದ್ದರು. ಏನದು ಎಂದು ಕೇಳಿದರೆ ಮಗಳು, “ನಿನಗೆ ಬೇಡ ಬಿಡಪ್ಪ” ಎಂದಳು. ಆಮೇಲೆ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಹೀಗಿರುವಾಗ ನಮ್ಮ ಭಾವ ಮನೆಗೆ ಬಂದರು. ನನ್ನ ಹೆಂಡತಿಯ ಅಣ್ಣ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೂವತ್ತೊಂದು ವರ್ಷ ನ್ಯಾಯಾಧೀಶರ ಪಕ್ಕದಲ್ಲಿ ಕೂತಿದ್ದರಿಂದ ಅರ್ಧ ನ್ಯಾಯಾಧೀಶಗಿರಿ ತಮಗೂ ಅಂಟಿದೆ ಎಂದು ತಿಳಿದವರು. ಕಾಫಿ ಕುಡಿಯುತ್ತ ಕೇಳಿದರು:

“ಹೋದ ವರ್ಷ ಇವಳು ಭಾಷಣ ಮಾಡಿದಾಗ ಎಷ್ಟು ಜನ ಬಂದಿದ್ರಂತೆ?”

“ನಾಲ್ಕು ಜನ ಮಾವ,” ಎಂದಳು ಮಗಳು, ಸುಳ್ಳು ಹೇಳಲು ಬರದವಳು. “ಒಬ್ಬರು ನಮ್ಮ ಮೇಡಂ, ಒಬ್ಬರು ಬಾಗಿಲಿಗೆ ಬೀಗ ಹಾಕೋಕೆ ಕಾಯ್ತಾ ಇದ್ರು, ಇಬ್ಬರು ಪಕ್ಕದ ಕೋಣೆ ಅಂದ್ಕೊಂಡು ಬಂದಿದ್ರು.”

ಭಾವ ಲೋಟ ಕೆಳಗಿಟ್ಟರು. “ಅಲ್ಲಯ್ಯಾ, ನಾಲ್ಕು ಜನಕ್ಕೆ ಬೇಡವಾದ ವಿದ್ಯೆ ಯಾತಕ್ಕೆ? ನಮ್ಮ ಕೋರ್ಟಲ್ಲಿ ಒಂದು ಕೋಳಿ ಕಳ್ಳತನದ ಕೇಸಿಗೂ ನಲವತ್ತು ಜನ ಸೇರ್ತಿದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. “ಈ ಸಲ ನೋಡಿ ಭಾವ, ಕೋಣೆ ತುಂಬಿ ನಿಲ್ಲೋಕೆ ಜಾಗ ಇರಲ್ಲ,” ಎಂದುಬಿಟ್ಟೆ. “ಹಾಗಾದ್ರೆ ನಾನೂ ಬರ್ತೀನಿ, ನೋಡೇಬಿಡೋಣ,” ಎಂದರು ಭಾವ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಕೋಣೆ ತುಂಬಿಸುವ ಕೆಲಸ ನನ್ನ ತಲೆಗೆ ಬಂತು.

ಮರುದಿನ ಬೆಳಿಗ್ಗೆಯೇ ಎದುರುಗಡೆಯ ಕ್ಷೌರದಂಗಡಿಯವನನ್ನು ಹಿಡಿದೆ. ಅವನ ಕುರ್ಚಿ ನಾನೇ ಮಾಡಿದ್ದು, ಆದ್ದರಿಂದ ಇಲ್ಲ ಎನ್ನಲು ಆಗಲಿಲ್ಲ. ಮೂಲೆಮನೆಯ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಜನರನ್ನು ಸಾಗಿಸುವ ಹೊಣೆ ಹೊತ್ತರು. ಬೀದಿಯ ಉಳಿದವರಲ್ಲಿ ಬಿಡುವಿದ್ದವರು, ಬಿಡುವಿಲ್ಲದಿದ್ದರೂ ಕುತೂಹಲ ಇದ್ದವರು ಸೇರಿ ಒಟ್ಟು ಹತ್ತೊಂಬತ್ತು ಮಂದಿಯಾದರು. “ಆದರೆ ಅಣ್ಣ, ನಮಗೆ ಜರ್ಮನ್ ಬರಲ್ವಲ್ಲ. ಎಲ್ಲಿ ಚಪ್ಪಾಳೆ ಹೊಡೀಬೇಕು ಅಂತ ಹೇಗೆ ಗೊತ್ತಾಗತ್ತೆ?” ಎಂದು ಕ್ಷೌರದವನು ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಯೋಚಿಸಿ ಒಂದು ಏರ್ಪಾಡು ಮಾಡಿದೆ. ಮೂವತ್ತು ವರ್ಷದಿಂದ ನನ್ನ ಬಲಗಿವಿಯ ಮೇಲೆ ಒಂದು ಪೆನ್ಸಿಲ್ ಇರುತ್ತದೆ. ಅದನ್ನು ತೆಗೆದರೆ ಚಪ್ಪಾಳೆ, ವಾಪಸ್ ಸಿಕ್ಕಿಸಿದರೆ ನಿಲ್ಲಿಸಬೇಕು. ನನ್ನ ಅಂಗಡಿಯಲ್ಲೇ ಎರಡು ಸಲ ಅಭ್ಯಾಸ ಮಾಡಿಸಿದೆ. ಸದ್ದಿಗೆ ಅಟ್ಟದ ಮೇಲಿದ್ದ ಮರದ ಪುಡಿಯೆಲ್ಲ ನಮ್ಮ ತಲೆಯ ಮೇಲೆ ಉದುರಿತು.

ಮಗಳಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದಳು.

ಆ ದಿನ ನಾವು ಇಪ್ಪತ್ತೆರಡು ಜನ ವಿಭಾಗದ ಮೆಟ್ಟಿಲು ಹತ್ತಿದಾಗ ಅಲ್ಲಿ ಚಹಾ ಕೊಡುವ ಜವಾನ ಬಾಗಿಲಲ್ಲಿ ಅಡ್ಡ ನಿಂತ. “ಸ್ಟ್ರೈಕ್ ಮಾಡೋರು ಕೆಳಗೆ ಆಫೀಸಿಗೆ ಹೋಗ್ಬೇಕು,” ಎಂದ. ಭಾಷಣಕ್ಕೆ ಬಂದವರು ಎಂದೆ. ಅವನು ನಂಬಲಿಲ್ಲ. ನನ್ನ ಹೆಂಡತಿ ಗೋಡೆಗೆ ಅಂಟಿಸಿದ್ದ ಕಾಗದದ ಮೇಲೆ ಮಗಳ ಹೆಸರು ತೋರಿಸಿ, “ಇವಳ ಅಮ್ಮ ನಾನು,” ಎಂದ ಮೇಲೆ ಬಿಟ್ಟ.

ಮೂವತ್ತು ಕುರ್ಚಿಯ ಕೋಣೆ. ಉದ್ದುದ್ದ ಮೇಜುಗಳು, ಎದುರಿಗೊಂದು ಬಿಳಿ ಪರದೆ. ಏಳೆಂಟು ವಿದ್ಯಾರ್ಥಿಗಳು ಒಂದು ಕಡೆ ಕೂತಿದ್ದರು. ನಾವು ನುಗ್ಗಿದ್ದೇ ಕೋಣೆ ತುಂಬಿಹೋಯಿತು. ನಾನು ಭಾವನ ಮುಖ ನೋಡಿದೆ. ಭಾವ ಕಿಟಕಿ ನೋಡಿದರು. ಮಗಳು ಮಾತ್ರ ನಮ್ಮನ್ನು ನೋಡಿ, ಕೈಯಲ್ಲಿದ್ದ ಕಾಗದಗಳನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು.

ವಿಭಾಗದ ಮುಖ್ಯಸ್ಥರಿಗೆ ಸಂತೋಷ ತಡೆಯಲಾಗಲಿಲ್ಲ. “ನಮ್ಮ ವಿಭಾಗದ ಮೇಲೆ ಜನರಿಗೆ ಇಷ್ಟು ಆಸಕ್ತಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ,” ಎಂದು ಮುಂದಿನ ಸಾಲಿಗೆ ಬಂದು ಕ್ಷೌರದವನ ಕೈ ಕುಲುಕಿದರು. “ತಾವು ಎಷ್ಟು ದಿನದಿಂದ ಜರ್ಮನ್ ಓದ್ತಾ ಇದ್ದೀರಿ?”

“ಇವತ್ತು ಬೆಳಿಗ್ಗೆಯಿಂದ ಸಾರ್,” ಎಂದ ಕ್ಷೌರದವನು ವಿನಯದಿಂದ.

ಹೊರಗಿನ ಪರೀಕ್ಷಕರು ಮಾತ್ರ ಯಾರನ್ನೂ ನೋಡಲಿಲ್ಲ. ದಪ್ಪ ಕನ್ನಡಕದ ಮುದುಕರು. ಅವರ ಮುಂದೆ ಮಗಳ ಬರಹ ಇತ್ತು, ಆ ಕೆಂಪು ಚಿಹ್ನೆಯ ಪುಟವನ್ನೇ ಮೇಲೆ ಇಟ್ಟುಕೊಂಡಿದ್ದರು. ದೂರದಿಂದಲೇ ಅದು ಕಾಣುತ್ತಿತ್ತು.

ಭಾಷಣ ಶುರುವಾಯಿತು. ಎಲ್ಲವೂ ಜರ್ಮನ್. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಆಹಾ, ಏನು ಹೇಳಲಿ! ನಾನು ಕೂಗಿ ಕರೆದರೂ ಓಗೊಡಲು ನಾಚುತ್ತಿದ್ದ ಹುಡುಗಿ, ಕಾಗದ ನೋಡದೆ ಆ ಭಾಷೆಯನ್ನು ಸಲೀಸಾಗಿ ಮಾತಾಡುತ್ತಿದ್ದಳು. “ಹುಡುಗಿ ಚೆನ್ನಾಗಿ ಓಡಿಸ್ತಾಳೆ. ಗೇರು ಬದಲಾಯಿಸಿದ್ದೇ ಗೊತ್ತಾಗಲ್ಲ,” ಎಂದು ಡ್ರೈವಿಂಗ್ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ನನಗೆ ಖುಷಿ ಉಕ್ಕಿಬಂತು. ಖುಷಿ ಉಕ್ಕಿದಾಗ ನನ್ನ ಕೈ ತಾನಾಗಿ ಪೆನ್ಸಿಲಿಗೆ ಹೋಗುತ್ತದೆ. ಅದು ನನ್ನ ಅಭ್ಯಾಸ ಎಂಬುದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ಹತ್ತೊಂಬತ್ತು ಜನ ಒಮ್ಮೆಗೇ ಚಪ್ಪಾಳೆ ಹೊಡೆದರು. ಮಗಳು ಮಾತು ನಿಲ್ಲಿಸಿದಳು. ಗಾಬರಿಯಾಗಿ ಪೆನ್ಸಿಲ್ ಸಿಕ್ಕಿಸಿದೆ, ಚಪ್ಪಾಳೆ ಕತ್ತರಿಸಿದ ಹಾಗೆ ನಿಂತಿತು. ಅವಳು ಆಗ ಹೇಳುತ್ತಿದ್ದದ್ದು ‘ನನ್ನ ಸಂಶೋಧನೆಯ ದೊಡ್ಡ ಕೊರತೆ ಏನೆಂದರೆ’ ಎಂಬ ಮಾತಂತೆ. ಮಾರ್ಗದರ್ಶಕ ಮೇಡಂ ಹಣೆ ಹಿಡಿದುಕೊಂಡರು.

ಇನ್ನು ಮುಟ್ಟಬಾರದು ಎಂದು ಕೈಕಟ್ಟಿ ಕೂತೆ. ಆದರೆ ಗ್ರಹಚಾರ ನೋಡಿ, ಹೆಂಡತಿ ಕಣ್ಣೊರೆಸಿಕೊಳ್ಳಲು ಕೈಯೆತ್ತಿದಾಗ ಅವಳ ಮೊಣಕೈ ನನ್ನ ಕಿವಿಗೆ ತಗುಲಿ ಪೆನ್ಸಿಲ್ ಕೆಳಗೆ ಬಿತ್ತು. ಬಿದ್ದರೆ ಏನು ಮಾಡಬೇಕು ಎಂದು ನಾವು ಅಭ್ಯಾಸ ಮಾಡಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕ್ಷೌರದವನು, ತೆಗೆಯುವುದಕ್ಕೇ ಚಪ್ಪಾಳೆಯಾದರೆ ಬೀಳುವುದಕ್ಕೆ ಇನ್ನೂ ಜೋರಾಗಿ ಎಂದು ತೀರ್ಮಾನಿಸಿ ಎದ್ದುನಿಂತು ಹೊಡೆದ. ಎಲ್ಲರೂ ಎದ್ದರು. ಪೆನ್ಸಿಲ್ ಉರುಳಿ ಮೂರನೇ ಸಾಲಿಗೆ ಹೋಗಿತ್ತು. ಅದು ಕಿವಿಗೆ ವಾಪಸ್ ಬರದೆ ಇವರು ನಿಲ್ಲಿಸುವವರಲ್ಲ. ನಾನು ಮೇಜಿನ ಕೆಳಗೆ ಮಂಡಿಯೂರಿ, ಚಪ್ಪಲಿಗಳ ನಡುವೆ ತಡಕುತ್ತ, “ನಿಲ್ಲಿಸ್ರೋ, ನಿಲ್ಲಿಸ್ರೋ” ಎಂದು ಕೂಗುತ್ತಿದ್ದರೆ, ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎರಡು ನಿಮಿಷ ಮಗಳು ಪರದೆಯ ಮುಂದೆ ಸುಮ್ಮನೆ ನಿಂತಿದ್ದಳು. ನಾನು ಪೆನ್ಸಿಲ್ ಸಿಕ್ಕಿಸಿಕೊಂಡು ಏಳುವಾಗ ಅವಳ ಕಣ್ಣು ನನ್ನ ಮೇಲಿತ್ತು. ಆ ನೋಟ ನೋಡಿ ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಎಲ್ಲರೂ ಕೂತಮೇಲೆ, ಕ್ಷೌರದವನಿಗೆ “ಇನ್ನು ಏನಾದ್ರೂ ಹೊಡೆದ್ರೆ ಕೈ ಮುರೀತೀನಿ” ಎಂದು ಸನ್ನೆ ಮಾಡಿ ಹೇಳಿ, ಪೆನ್ಸಿಲನ್ನು ಜೇಬಿಗೆ ಇಳಿಸಿದೆ.

ಆದ್ದರಿಂದ ಭಾಷಣ ಮುಗಿದಾಗ ನಮ್ಮ ಕಡೆಯಿಂದ ಒಂದು ಸದ್ದೂ ಬರಲಿಲ್ಲ. ಮಗಳು ತಲೆಬಾಗಿಸಿದಳು. ಆಗ ಎದುರಿಗಿದ್ದ ಮೂವರೂ, ಪಕ್ಕದ ವಿದ್ಯಾರ್ಥಿಗಳೂ ಮುಷ್ಟಿ ಕಟ್ಟಿ, ಗೆಣ್ಣುಗಳಿಂದ ಮೇಜನ್ನು ಕುಟ್ಟಲು ಶುರುಮಾಡಿದರು. ಟಕ ಟಕ ಟಕ ಟಕ. ಒಬ್ಬರ ಮುಖದಲ್ಲೂ ನಗುವಿಲ್ಲ.

ನಮ್ಮ ಸಾಲಿನಲ್ಲಿ ಎಲ್ಲರ ಮುಖ ಇಳಿದುಹೋಯಿತು. ಭಾವ ಕಣ್ಣು ಮುಚ್ಚಿ ತಲೆಯಾಡಿಸಿದರು.

“ಮುಗೀತು. ಮೇಜು ಕುಟ್ಟಿದ್ರು ಅಂದ್ರೆ ಕೇಸು ವಜಾ. ನಾನು ಮೂವತ್ತೊಂದು ವರ್ಷ ನೋಡಿದೀನಿ.”

“ಅಷ್ಟೂ ಜನ ಕುಟ್ತಾ ಇದಾರಲ್ಲ ಭಾವ.”

“ಸರ್ವಾನುಮತದ ವಜಾ.”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. “ರೀ, ಮೂರು ದಿನದಿಂದ ಮಗು ಊಟ ಮಾಡಿಲ್ಲ ಕಣ್ರೀ,” ಎಂದಳು. ನನಗೆ ಹೊಳೆದದ್ದು ಒಂದೇ: ನನ್ನಿಂದ, ನನ್ನ ಪೆನ್ಸಿಲಿನಿಂದ ನನ್ನ ಮಗಳ ಮೂರು ವರ್ಷ ಮಣ್ಣುಪಾಲಾಯಿತು. ಎದ್ದುನಿಂತೆ.

“ಸ್ವಾಮಿ, ನಿಲ್ಲಿಸಿ,” ಎಂದೆ. ಕುಟ್ಟುವುದು ನಿಂತಿತು. “ತಪ್ಪು ನಂದು. ಚಪ್ಪಾಳೆ ಹೊಡೆಸಿದ್ದು ನಾನು. ಬೈಯೋದಿದ್ರೆ ನನ್ನನ್ನ ಬೈಯಿರಿ, ಅವಳನ್ನ ಬೈಬೇಡಿ. ಅದೂ ಬಾಯಲ್ಲಿ ಬೈಯಿರಿ. ಮೇಜಿಗೆ ಯಾಕೆ ಹೊಡೀತೀರಿ? ಮೇಜು ನಿಮಗೇನು ಮಾಡಿತ್ತು?”

ಭಾವನೂ ಎದ್ದರು. ಎಷ್ಟಾದರೂ ಸೋದರಮಾವ. “ಈ ತೀರ್ಪಿನ ಮೇಲೆ ನಾವು ಮೇಲ್ಮನವಿ ಸಲ್ಲಿಸ್ತೀವಿ. ನಕಲು ಪ್ರತಿ ಕೊಡಿ,” ಎಂದರು. ಡ್ರೈವಿಂಗ್ ಮೇಷ್ಟ್ರು, “ಮೊದಲನೇ ಸಲ ಫೇಲಾದ್ರೆ ಒಂದು ತಿಂಗಳು ಬಿಟ್ಟು ಇನ್ನೊಂದು ಟೆಸ್ಟ್ ಕೊಡ್ತಾರೆ, ಅದು ರೂಲ್ಸು,” ಎಂದರು. ಮುಖ್ಯಸ್ಥರು ಬಾಯಿ ತೆರೆದದ್ದು ಮುಚ್ಚಲಿಲ್ಲ. ಮೇಡಂ ಮತ್ತೆ ಹಣೆ ಹಿಡಿದುಕೊಂಡರು.

ನನ್ನ ತೋಳು ಹಿಡಿದು ಕೂರಿಸಿದ್ದು ಚಹಾದ ಜವಾನ. “ಅಣ್ಣ, ಕೂತ್ಕೊಳ್ಳಿ. ಅದು ಇವರ ಚಪ್ಪಾಳೆ. ಜರ್ಮನಿಯ ಯೂನಿವರ್ಸಿಟಿಯಲ್ಲಿ ಭಾಷಣ ಚೆನ್ನಾಗಿದ್ರೆ ಕೈ ತಟ್ಟಲ್ವಂತೆ, ಮೇಜು ತಟ್ತಾರಂತೆ. ಇವರೂ ಅದೇ ಪದ್ಧತಿ ಇಟ್ಕೊಂಡಿದಾರೆ. ನಾನು ಸೇರಿದ ಹೊಸದ್ರಲ್ಲಿ ಚಹಾಕ್ಕೆ ಕರೀತಿದಾರೆ ಅಂತ ಪ್ರತಿ ಸಲ ಓಡಿ ಬರ್ತಿದ್ದೆ.”

ನಾನು ಕೂತೆ. ಭಾವ ಇನ್ನೂ ನಿಂತಿದ್ದರು. “ಮೇಲ್ಮನವಿ ಹಿಂತೆಗೆದುಕೊಳ್ಳಲಾಗಿದೆ,” ಎಂದು ಗೋಡೆಗೆ ಹೇಳಿ ಅವರೂ ಕೂತರು. ಆ ವಿದ್ಯಾರ್ಥಿಗಳು ತಡೆದಿದ್ದ ನಗು ಒಟ್ಟಿಗೇ ಹೊರಬಿತ್ತು.

ನಗದೆ ಇದ್ದವರು ಇಬ್ಬರು. ಒಬ್ಬಳು ನನ್ನ ಮಗಳು. ಇನ್ನೊಬ್ಬರು ಹೊರಗಿನ ಪರೀಕ್ಷಕರು. ಅವರು ಕನ್ನಡಕ ಸರಿಮಾಡಿಕೊಂಡು, ಕೆಂಪು ಚಿಹ್ನೆಯ ಪುಟ ಎತ್ತಿ, ಜರ್ಮನ್ ಭಾಷೆಯಲ್ಲಿ ಏನನ್ನೋ ಎರಡು ಸಾಲು ಓದಿದರು. ಆಮೇಲೆ ನಮ್ಮ ಭಾಷೆಗೆ ಬಂದರು.

“ಭಾಷಣ ಚೆನ್ನಾಗಿತ್ತು ಅಂತ ನಾನೂ ತಟ್ಟಿದೆ. ಆದರೆ ಈ ಎರಡು ಸಾಲಿಗೆ ನೂರು ವರ್ಷದಿಂದ ಪಂಡಿತರು ಹೇಳಿಕೊಂಡು ಬಂದಿರೋ ಅರ್ಥ ಒಂದು, ನೀನು ಹೇಳೋ ಅರ್ಥ ಇನ್ನೊಂದು. ಇದರ ಮೇಲೆ ನಿನ್ನ ಅರ್ಧ ಪ್ರಬಂಧ ನಿಂತಿದೆ. ಆಧಾರ ಏನು ಅಂತ ನೋಡಿದ್ರೆ ಪುಟದ ಕೆಳಗೆ ಹದಿನಾಲ್ಕನೇ ಅಡಿಟಿಪ್ಪಣಿ. ‘ಒಬ್ಬ ಬಡಗಿ ಹೇಳಿದ್ದು’ ಅಂತ ಇದೆ, ಅಷ್ಟೆ. ಯಾವ ಬಡಗಿ? ಯಾವ ಕಾಲದವನು? ಇದಕ್ಕೆ ಉತ್ತರ ಸಿಗದೆ ನಾನು ಸಹಿ ಹಾಕೋಕಾಗಲ್ಲ.”

ಮಗಳು ಕೈಯಲ್ಲಿದ್ದ ಕಾಗದವನ್ನು ಮಡಿಸಿದಳು, ಬಿಡಿಸಿದಳು. “ಹೆಸರು ಹಾಕಿದ್ರೆ ಮನೆಯವರ ಮಾತು ಅಂತ ತಳ್ಳಿಹಾಕ್ತಾರೇನೋ ಅಂತ ಹಾಕಲಿಲ್ಲ ಸಾರ್,” ಎಂದಳು. “ಅವರು ಇಲ್ಲೇ ಇದಾರೆ. ಈಗ ತಾನೇ ಎದ್ದು ನಿಂತಿದ್ರಲ್ಲ, ಅವರು.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿದೆ. ಗೋಡೆ ಇತ್ತು.

ಮುದುಕರು ನನ್ನನ್ನು ಮುಂದಕ್ಕೆ ಕರೆದರು. ಭಾವ ಬೆನ್ನಿಗೆ ಬಂದು, “ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಜಾಸ್ತಿ ಮಾತಾಡಿದ್ರೆ ಪಾಟೀಸವಾಲಿನಲ್ಲಿ ಸಿಕ್ಕಿಹಾಕ್ಕೋತೀಯ,” ಎಂದು ಪಿಸುಗುಟ್ಟಿದರು.

“ಒಂದು ಹಲಗೆ ಕೆಲಸಕ್ಕೆ ಬರತ್ತೋ ಇಲ್ವೋ ಅಂತ ನೀವು ಹೇಗೆ ಗೊತ್ತುಮಾಡ್ಕೋತೀರಿ?” ಎಂದರು ಮುದುಕರು. ಅಷ್ಟೇ ಕೇಳಿದ್ದು.

ಇದೊಂದು ಪ್ರಶ್ನೆಯೇ? ನನಗೆ ಒಳಗೊಳಗೇ ಸಿಟ್ಟು ಬಂತು. ಇದನ್ನು ಹೇಳಲು ಬಾಯಿ ಯಾಕೆ? ಅವರ ಮುಂದಿದ್ದ ಮೇಜಿನ ಹತ್ತಿರ ಹೋದೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದೆ. ಬಾಗಿ ಕಿವಿ ಇಟ್ಟೆ. ಒಂದು ಗೇಣು ಮುಂದೆ ಸರಿದು ಮತ್ತೆ ತಟ್ಟಿದೆ, ಮತ್ತೆ ಕಿವಿ ಇಟ್ಟೆ. ಪೂರ್ತಿ ಒಣಗದ ಮರವನ್ನು ಕುಯ್ದು ಮೇಲೆ ಪಾಲಿಶ್ ಬಳಿದು ಯಾರೋ ಪುಣ್ಯಾತ್ಮರು ಸಾಗಹಾಕಿದ್ದರು. ಒಣಗುತ್ತ ಒಣಗುತ್ತ ಒಳಗೇ ಸೀಳುಬಿಟ್ಟಿತ್ತು. ಸತ್ತ ಸದ್ದು. ನಾನು ತಲೆಯೆತ್ತಿ, ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದೆ:

“ಇದಲ್ಲ.”

ಮೂವರೂ ನನ್ನನ್ನೇ ನೋಡಿದರು. ಮೇಡಂ ಹಣೆಯ ಮೇಲಿನ ಕೈ ಕೆಳಗಿಳಿಯಿತು.

“ಏನಂದ್ರಿ?” ಎಂದರು ಮುದುಕರು.

“ಇದಲ್ಲ ಅಂದೆ ಸಾರ್. ಕೆಲಸಕ್ಕೆ ಬರದ ಹಲಗೆಗೆ ಇನ್ನೇನು ಹೇಳ್ತಾರೆ? ಬೇಜಾರು ಮಾಡ್ಕೋಬೇಡಿ, ಈ ಮೇಜಿನ ಮೇಲೆ ಭಾರ ಇಡಬೇಡಿ.”

ಮುದುಕರು ಮೆಲ್ಲನೆ ಮೊಣಕೈಗಳನ್ನು ಮೇಜಿನಿಂದ ತೆಗೆದರು. ಆಮೇಲೆ ಮಗಳ ಕಡೆ ತಿರುಗಿ, “ಆ ಎರಡು ಸಾಲು ಇವರಿಗೆ ಹೇಳಮ್ಮ,” ಎಂದರು.

ಮಗಳು ನನ್ನ ಕಡೆ ತಿರುಗಿದಳು. “ಇನ್ನೂರು ವರ್ಷದ ಹಿಂದೆ ಅಲೀತಾ ಇದ್ದ ಒಬ್ಬ ಬಡಗಿ ಹುಡುಗ ಬರೆದಿದ್ದು ಅಪ್ಪ. ‘ಯಜಮಾನರು ತಟ್ಟಿದರು, ಕಿವಿಯಿಟ್ಟು ಕೇಳಿದರು. ಇದಲ್ಲ ಎಂದರು.’ ಅಷ್ಟೇ ಇರೋದು. ಎಲ್ಲರೂ ಏನು ಹೇಳ್ತಾರೆ ಅಂದ್ರೆ, ಯಜಮಾನ ತಟ್ಟಿದ್ದು ಹುಡುಗನ ಆತ್ಮದ ಬಾಗಿಲನ್ನ, ಅದು ಶುದ್ಧವಾಗಿಲ್ಲ ಅಂತ ಅವನನ್ನ ಬೇಡ ಅಂದ. ನಾನು ಹೇಳಿದ್ದು, ಅವನು ತಟ್ಟಿದ್ದು ಹಲಗೆಯನ್ನ ಅಂತ. ನಮ್ಮಂಗಡೀಲಿ ಚಿಕ್ಕಂದಿನಿಂದ ಅದನ್ನೇ ನೋಡಿದೀನಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಪಂಡಿತರೆಲ್ಲ ಸೇರಿ ಒಂದು ಹಸಿ ಹಲಗೆಯನ್ನು ನೂರು ವರ್ಷ ಆತ್ಮ ಮಾಡಿ ಇಟ್ಟುಕೊಂಡಿದ್ದರು. ಪಾಪ ಆ ಹುಡುಗ, ಅವನ ಮೇಲೆ ಎಂಥ ಅಪವಾದ!

“ನಾನೂ ಒಂದು ಪುಸ್ತಕದಲ್ಲಿ ಆತ್ಮ ಅಂತಲೇ ಬರೆದಿದ್ದೀನಿ,” ಎಂದರು ಮುದುಕರು. “ಐವತ್ತು ಪುಟ.” ಜೇಬಿನಿಂದ ಕೆಂಪು ಪೆನ್ನು ತೆಗೆದರು. ಆ ಅಂಗೈಯಗಲದ ಪ್ರಶ್ನೆ ಚಿಹ್ನೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ ಸಹಿ ಹಾಕಿ, ಕಾಗದವನ್ನು ಮೇಡಂ ಕಡೆ ಸರಿಸಿದರು. ಮೇಡಂ ಸಹಿ ಹಾಕಿದರು. ಮುಖ್ಯಸ್ಥರು ಎದ್ದುನಿಂತೇ ಹಾಕಿದರು, ಮೇಜಿಗೆ ಭಾರ ಬೀಳದಂತೆ.

ಆಮೇಲೆ ಮತ್ತೆ ಮೇಜುಗಳು ಟಕಟಕ ಎಂದವು. ಈ ಸಲ ನಮ್ಮ ಬೀದಿಯೂ ಸೇರಿಕೊಂಡಿತು. ಡ್ರೈವಿಂಗ್ ಮೇಷ್ಟ್ರು ಎರಡು ಕೈಯಲ್ಲೂ ಕುಟ್ಟಿದರು. ಚಹಾದ ಜವಾನ ಟ್ರೇ ಬಡಿದ. ನನ್ನ ಹೆಂಡತಿ ಮಾತ್ರ ಪದ್ಧತಿ ಗಿದ್ಧತಿ ಯಾವುದನ್ನೂ ಲೆಕ್ಕಿಸದೆ ಎದ್ದು ಹೋಗಿ ಮಗಳನ್ನು ತಬ್ಬಿಕೊಂಡು, “ಈಗಲಾದ್ರೂ ಊಟ ಮಾಡೇ,” ಎಂದಳು. ನಾನು ಏನು ಮಾಡಲಿ, ಕೈ ಎಲ್ಲಿಡಲಿ ಎಂದು ತಿಳಿಯದೆ ಆ ಹಾಳು ಮೇಜಿನ ಅಂಚನ್ನು ಸವರುತ್ತ ನಿಂತಿದ್ದೆ. ಅಷ್ಟು ಹೆಮ್ಮೆ ನನ್ನ ಜನ್ಮದಲ್ಲಿ ಯಾವತ್ತೂ ಆಗಿರಲಿಲ್ಲ.

ಮಗಳು ಅಮ್ಮನ ತೋಳಿನಿಂದಲೇ ಕೇಳಿದಳು: “ಅಪ್ಪ, ಈಗ ಅಡಿಟಿಪ್ಪಣಿಯಲ್ಲಿ ನಿನ್ನ ಹೆಸರು ಹಾಕ್ಬೇಕು. ಹೆಸರಿನ ಮುಂದೆ ಏನಂತ ಬರೀಲಿ?”

“ಬಡಗಿ ಅಂತ ಬರಿ,” ಎಂದೆ.

ಭಾವ ನಡುವೆ ಬಂದರು. “ತಡಿಯಮ್ಮ. ಈ ಅಡಿಟಿಪ್ಪಣಿ ಅನ್ನೋದು ಪುಟದಲ್ಲಿ ಎಲ್ಲಿ ಬರತ್ತೆ?”

“ಕೆಳಗೆ ಮಾವ. ಸಣ್ಣ ಅಕ್ಷರದಲ್ಲಿ.”

“ಕೆಳಗೆ? ಇಷ್ಟು ದೊಡ್ಡ ಸಾಕ್ಷಿ ಹೇಳಿದ ಮನುಷ್ಯನ್ನ ಪುಟದ ಕೆಳಗೆ ಹಾಕೋದಾ? ಇದಕ್ಕೆ ನನ್ನ ಆಕ್ಷೇಪಣೆ ಇದೆ. ಮೇಲೆ ಹಾಕಿಸಿ, ದಪ್ಪಕ್ಷರದಲ್ಲಿ.”

“ಬಿಡಿ ಭಾವ,” ಎಂದೆ. “ಮೇಜಿನ ಕಾಲೂ ಕೆಳಗೇ ಇರೋದು.”